ಖಿನ್ನತಾನಿವಾರಕ: ಪದದ ಅರ್ಥ ಮತ್ತು ಬಳಕೆ

ಪದಪರಿಚಯದ ಪಾಠವೆಂದರೆ ಕಾವ್ಯದ ಪದವನ್ನೋ ಗಾದೆಯ ಪದವನ್ನೋ ಎತ್ತಿಕೊಳ್ಳುವುದು ವಾಡಿಕೆ. ಈ ಸಲ ನಾವು ಔಷಧದ ಅಂಗಡಿಯ ಪದವೊಂದನ್ನು ಆರಿಸಿಕೊಂಡಿದ್ದೇವೆ. ಇಂಗ್ಲಿಷಿನಲ್ಲಿ ‘ಆಂಟಿಡಿಪ್ರೆಸೆಂಟ್’ ಎನ್ನುವ ಮದ್ದಿಗೆ ಕನ್ನಡದ ಬರಹದಲ್ಲಿ ‘ಖಿನ್ನತಾನಿವಾರಕ’ ಅಥವಾ ‘ಖಿನ್ನತೆ ನಿವಾರಕ’ ಎಂಬ ಹೆಸರು ಬಳಕೆಗೆ ಬಂದಿದೆ. ಮನೆಮಾತಿನಲ್ಲಿ ಮಾತ್ರ ಇದೇ ಮದ್ದು ‘ನಿದ್ದೆ ಮಾತ್ರೆ’ ಎಂದೋ ‘ನರದ ಮಾತ್ರೆ’ ಎಂದೋ ಕರೆಯಿಸಿಕೊಳ್ಳುತ್ತದೆ. ಹೆಸರು ತಪ್ಪಿದರೆ ಮದ್ದನ್ನು ಬಳಸುವ ರೀತಿಯೂ ತಪ್ಪುತ್ತದೆ. ಆದ್ದರಿಂದ ಪದವನ್ನು ಮೊದಲು ಬಿಡಿಸಿ ನೋಡೋಣ.

೧. ಪದದ ರಚನೆ

‘ಖಿನ್ನ’ ಎಂಬುದು ‘ಖಿದ್’ ಎಂಬ ಸಂಸ್ಕೃತ ಧಾತುವಿನಿಂದ ಬಂದದ್ದು. ಕುಗ್ಗು, ಬಳಲು, ನೋಯು ಎಂಬುವು ಆ ಧಾತುವಿನ ಅರ್ಥಗಳು. ಇದೇ ಅಚ್ಚಿನ ಇನ್ನೆರಡು ಪದಗಳು ನಮಗೆ ಚೆನ್ನಾಗಿ ಪರಿಚಿತವಾಗಿವೆ: ‘ಭಿದ್’ ಧಾತುವಿನಿಂದ ಭೇದ, ಭಿನ್ನ, ‘ಛಿದ್’ ಧಾತುವಿನಿಂದ ಛೇದ, ಛಿನ್ನ. ಹಾಗೆಯೇ ‘ಖಿದ್’ ಧಾತುವಿನಿಂದ ಖೇದ, ಖಿನ್ನ. ಈ ಸಾಲನ್ನು ನೆನಪಿನಲ್ಲಿಟ್ಟುಕೊಂಡವರು ‘ಕಿನ್ನತೆ’ ಎಂದು ಅಲ್ಪಪ್ರಾಣದಲ್ಲಿ ಬರೆಯುವ ತಪ್ಪನ್ನು ಮಾಡಲಾರರು.

‘ನಿವಾರಕ’ ಎಂದರೆ ತಡೆಯುವಂಥದು, ದೂರ ಸರಿಸುವಂಥದು. ಇದರಲ್ಲಿರುವ ‘ವಾರ’ ಎಂಬ ಭಾಗವೇ ‘ಆತಪವಾರಣ’ ಎಂಬ ಹಳೆಯ ಪದದಲ್ಲಿಯೂ ಇದೆ. ಆತಪವಾರಣ ಎಂದರೆ ಬಿಸಿಲನ್ನು ತಡೆಯುವುದು, ಅಂದರೆ ಕೊಡೆ. ಕೊಡೆ ಸೂರ್ಯನನ್ನು ಆರಿಸುವುದಿಲ್ಲ. ಹಿಡಿದವನು ದಾರಿ ನಡೆಯುವಂತೆ ಮಾಡುತ್ತದೆ. ‘ಕೀಟನಾಶಕ’ದಲ್ಲಿರುವ ‘ನಾಶಕ’ಕ್ಕೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು.

‘ಖಿನ್ನತೆ’ ಎಂಬುದು ಕನ್ನಡದ ರೂಪ. ಸಂಸ್ಕೃತ ಸಮಾಸದಲ್ಲಿ ಅದು ‘ಖಿನ್ನತಾ’ ಆಗುತ್ತದೆ. ‘ಮಾನವತೆ’ ಎಂಬುದು ‘ಮಾನವತಾವಾದ’ದಲ್ಲಿ ನಿಲ್ಲುವಂತೆ ಇದು. ಆದ್ದರಿಂದ ಕೂಡಿಸಿ ಬರೆಯುವಾಗ ‘ಖಿನ್ನತಾನಿವಾರಕ’, ಬಿಡಿಸಿ ಬರೆಯುವಾಗ ‘ಖಿನ್ನತೆ ನಿವಾರಕ’, ಎರಡೂ ಸಲ್ಲುತ್ತವೆ.

೨. ನೆರೆಯ ನುಡಿಗಳಲ್ಲಿ

ಹೊರನಾಡಿನಲ್ಲಿರುವ ನಮಗೆ ನೆರೆಯವರ ಪದಗಳೂ ಕಿವಿಗೆ ಬೀಳುತ್ತಿರುತ್ತವೆ. ಹಿಂದಿಯ ‘ಅವಸಾದ್’ ಕೆಳಕ್ಕೆ ಕುಸಿಯುವುದನ್ನು ಹೇಳುತ್ತದೆ. ನಮ್ಮ ‘ವಿಷಾದ’ವೂ ಅದೇ ಧಾತುವಿನದು. ಗೀತೆಯ ಮೊದಲ ಅಧ್ಯಾಯದ ಹೆಸರಿನಲ್ಲಿ ಬರುವ ಈ ಪದ ಇಂದು ‘ವಿಷಾದಿಸುತ್ತೇವೆ’ ಎಂಬ ಪ್ರಕಟಣೆಗಳಿಗೆ ಇಳಿದು ತೆಳುವಾಗಿದೆ. ಮರಾಠಿಯವರು ‘ನೈರಾಶ್ಯ’ ಎನ್ನುತ್ತಾರೆ. ತಮಿಳಿನ ‘ಮನಚ್ಚೋರ್ವು’ ಮನಸ್ಸಿನ ಸೊರಗುವಿಕೆ. ತೆಲುಗಿನ ‘ಕುಂಗುಬಾಟು’ ನಮ್ಮ ‘ಕುಗ್ಗು’ ಎಂಬುದರ ನೆಂಟ. ಇಂಗ್ಲಿಷಿನ ‘ಡಿಪ್ರೆಶನ್’ ಎಂಬುದಕ್ಕೂ ಕೆಳಕ್ಕೆ ಅದುಮುವುದೆಂದೇ ಮೂಲಾರ್ಥ. ಇಷ್ಟೊಂದು ನುಡಿಗಳು ಈ ನೋವನ್ನು ಭಾರದ, ಕುಸಿತದ ಮಾತಿನಲ್ಲಿಯೇ ಹೇಳುತ್ತವೆ.

ಒಂದು ವಿಷಯದಲ್ಲಿ ಕನ್ನಡದ ಹೆಸರು ಇಂಗ್ಲಿಷಿನದಕ್ಕಿಂತ ನಿಚ್ಚಳವಾಗಿದೆ. ಇಂಗ್ಲಿಷಿನ ‘ಡಿಪ್ರೆಸೆಂಟ್’ ಎಂದರೆ ನರಮಂಡಲದ ಕೆಲಸವನ್ನು ಮಂದಗೊಳಿಸುವ ಪದಾರ್ಥ. ಮದ್ಯ ಅದಕ್ಕೊಂದು ನಿದರ್ಶನ. ‘ಆಂಟಿಡಿಪ್ರೆಸೆಂಟ್’ ಅದರ ವಿರುದ್ಧಪದವೆಂದು, ಅಂದರೆ ಉತ್ತೇಜಕವೆಂದು, ತಿಳಿಯುವವರುಂಟು. ಅದು ಸರಿಯಲ್ಲ. ಈ ಮದ್ದು ವಿರೋಧಿಸುವುದು ಖಿನ್ನತೆ ಎಂಬ ಕಾಯಿಲೆಯನ್ನು. ಕನ್ನಡದ ಪದ ಅದನ್ನೇ ನೇರವಾಗಿ ಹೇಳುತ್ತದೆ.

೩. ಖಿನ್ನತೆ ಯಾವುದು, ಬೇಸರ ಯಾವುದು?

ನಮ್ಮ ‘ಬೇಜಾರು’ ಬಲು ಅಗಲವಾದ ಪದ. ಬಸ್ಸು ತಡವಾದರೂ ಬೇಜಾರು, ಬಂಧುಗಳು ತೀರಿಕೊಂಡರೂ ಬೇಜಾರು. ವೈದ್ಯರು ಹೇಳುವ ಖಿನ್ನತೆ ಇಷ್ಟು ಅಗಲವಲ್ಲ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಇಲ್ಲವೆ ಹಿಂದೆ ಇಷ್ಟವಾಗಿದ್ದ ಯಾವುದೂ ಬೇಡವಾಗುವುದು ಅದರ ಮುಖ್ಯ ಲಕ್ಷಣ. ಜೊತೆಗೆ ನಿದ್ರೆ ಕೆಡುತ್ತದೆ, ಊಟ ಸೇರುವುದಿಲ್ಲ, ಮೈಯಲ್ಲಿ ಕಸುವಿಲ್ಲವೆನಿಸುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ; ತಾನು ಯಾರಿಗೂ ಬೇಡವಾದವನೆಂಬ ಭಾವ, ಕೆಲವರಲ್ಲಿ ಬದುಕೇ ಬೇಡವೆಂಬ ಯೋಚನೆಯೂ ಬರುತ್ತದೆ.

ಮನೆಯ ಹಿರಿಯರು ಪರಊರಿನ ವೈದ್ಯರ ಮುಂದೆ ಕುಳಿತಾಗ ಅವರ ಮಾತನ್ನು ಹಿಂದಿಗೋ ಮರಾಠಿಗೋ ತಿರುಗಿಸುವವರು ನಾವೇ. ‘ಬೇಜಾರಂತೆ’ ಎಂದು ಮುಗಿಸಿದರೆ ಕಾಯಿಲೆ ಅಲ್ಲಿಯೇ ಮರೆಯಾಗಿ ಉಳಿಯುತ್ತದೆ. ಎಷ್ಟು ದಿನದಿಂದ, ನಿದ್ರೆ ಹೇಗೆ, ಊಟ ಹೇಗೆ, ಯಾವುದರಲ್ಲಿ ಆಸಕ್ತಿ ಹೋಯಿತು ಎಂಬುದನ್ನು ಕೇಳಿ ತಿಳಿದು, ಬಿಡಿಬಿಡಿಯಾಗಿ ಹೇಳಬೇಕು.

೪. ಮದ್ದು ಬಂದ ಬಗೆ

ಈ ಮದ್ದುಗಳಲ್ಲಿ ಮೊದಲಿನವು ಬೇರೆ ರೋಗಗಳನ್ನು ಹುಡುಕಿಕೊಂಡು ಹೋದವು. ೧೯೫೨ರ ಸುಮಾರಿನಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೋನಿಯಾಜಿಡ್ ಎಂಬುದನ್ನು ಕೊಟ್ಟು ನೋಡುತ್ತಿದ್ದಾಗ ಹಲವರು ಗೆಲುವಾದುದು ಕಂಡುಬಂತು. ೧೯೫೭ರಲ್ಲಿ ನೇಥನ್ ಕ್ಲೈನ್ ಮತ್ತು ಸಂಗಡಿಗರು ಅದು ಖಿನ್ನತೆಗೆ ಒದಗುವುದೆಂದು ವರದಿ ಮಾಡಿದರು. ಅದು ಯಕೃತ್ತಿಗೆ ಕೇಡು ಮಾಡುವುದು ತಿಳಿದ ಮೇಲೆ ಬಳಕೆಯಿಂದ ಹಿಂದೆ ಸರಿಯಿತು. ೧೯೫೭ರಲ್ಲಿಯೇ ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ ಎಂಬ ವೈದ್ಯರು ಇಮಿಪ್ರಮಿನ್ ಕುರಿತು ಬರೆದರು. ಸ್ಕಿಜೋಫ್ರೇನಿಯಕ್ಕೆಂದು ಪರೀಕ್ಷೆಗೆ ಬಂದಿದ್ದ ಆ ಮದ್ದು ಖಿನ್ನತೆಗೆ ಉಪಕಾರಿಯಾಯಿತು. ೧೯೮೭ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫ್ಲುವಾಕ್ಸೆಟಿನ್, ಅದರ ಗುಂಪಿನ ಸರ್ಟ್ರಲಿನ್, ಎಸಿಟಲೋಪ್ರಾಮ್ ಮುಂತಾದುವು ಇಂದು ಹೆಚ್ಚು ಬಳಕೆಯಲ್ಲಿವೆ.

ಮಿದುಳಿನ ನರಕೋಶಗಳ ನಡುವೆ ಸುದ್ದಿ ಸಾಗಿಸುವ ಸೆರೊಟೋನಿನ್, ನಾರ್‌ಅಡ್ರಿನಲಿನ್ ಮೊದಲಾದ ವಸ್ತುಗಳು ಹೆಚ್ಚು ಹೊತ್ತು ಒದಗುವಂತೆ ಇವು ಮಾಡುತ್ತವೆ. ಅದರಿಂದ ಮನಸ್ಸಿನ ಭಾರ ಇಳಿಯುವ ಪೂರ್ಣ ಕ್ರಮವನ್ನು ವಿಜ್ಞಾನಿಗಳು ಇನ್ನೂ ಶೋಧಿಸುತ್ತಿದ್ದಾರೆ.

೫. ಸರಿ ಬಳಕೆ, ತಪ್ಪು ಬಳಕೆ

ಪದದ ಅರ್ಥ ತಿಳಿದವರಿಗೆ ಕೆಳಗಿನ ವಾಕ್ಯಗಳ ತಪ್ಪು ತಾನಾಗಿಯೇ ಕಾಣುತ್ತದೆ.

‘ನಿದ್ದೆ ಬಾರದ ರಾತ್ರಿ ಒಂದು ಖಿನ್ನತಾನಿವಾರಕ ನುಂಗಿದರಾಯಿತು.’ ತಪ್ಪು. ಇದು ಬೇಕಾದಾಗ ನುಂಗುವ ಮಾತ್ರೆಯಲ್ಲ. ವೈದ್ಯರು ಹೇಳಿದಂತೆ ದಿನವೂ ತೆಗೆದುಕೊಳ್ಳತಕ್ಕದ್ದು.

‘ನಾಲ್ಕು ದಿನ ತೆಗೆದುಕೊಂಡೆ, ಗುಣವಿಲ್ಲ, ಬಿಟ್ಟೆ.’ ತಪ್ಪು. ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಓಕರಿಕೆ, ತಲೆನೋವು ಮುಂತಾದ ತೊಂದರೆಗಳು ಮಾತ್ರ ಮೊದಲ ದಿನಗಳಲ್ಲಿಯೇ ಬರಬಹುದು. ಈ ನಡುವಿನ ಕಾಲದಲ್ಲಿ ಮನೆಯವರ ಆಸರೆ ಬೇಕು. ಇಪ್ಪತ್ತೈದರೊಳಗಿನ ಪ್ರಾಯದವರಲ್ಲಿ ಮೊದಮೊದಲು ಚಡಪಡಿಕೆಯೋ ಸಾವಿನ ಯೋಚನೆಯೋ ಹೆಚ್ಚಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

‘ಈಗ ಗೆಲುವಾಗಿದ್ದೇನೆ, ಮಾತ್ರೆ ಸಾಕು.’ ಇದೂ ತಪ್ಪು. ಗುಣವಾದ ಮೇಲೂ ಸುಮಾರು ಆರು ತಿಂಗಳು ಮುಂದುವರಿಸುವುದು ವಾಡಿಕೆ. ಇಲ್ಲವಾದರೆ ಕಾಯಿಲೆ ಮರುಕಳಿಸಬಹುದು. ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ರಾಭಂಗ ಬರುವುದುಂಟು. ಮದ್ಯದಂತೆ ಚಟ ಹತ್ತಿಸುವ ಪದಾರ್ಥ ಇದಲ್ಲ. ಆದರೆ ವೈದ್ಯರ ಮಾತಿನಂತೆ ಮೆಲ್ಲಗೆ ಇಳಿಸುತ್ತ ಬಿಡಬೇಕು.

‘ಅವರ ಚೀಟಿಯಲ್ಲಿ ಖಿನ್ನತಾನಿವಾರಕವಿದೆ, ಅವರಿಗೆ ಮನಸ್ಸು ಸರಿಯಿಲ್ಲ.’ ತಪ್ಪು, ಜೊತೆಗೆ ಅನ್ಯಾಯ. ಅಮಿಟ್ರಿಪ್ಟಿಲಿನ್ ಎಂಬ ಇದೇ ವರ್ಗದ ಮದ್ದನ್ನು ನರಗಳ ನೋವಿಗೂ ಅರೆತಲೆನೋವು ಬಾರದಂತೆ ತಡೆಯಲೂ ಕೊಡುತ್ತಾರೆ.

ಇನ್ನೊಂದು ಮಾತು. ಕೊಡೆಯೊಂದೇ ದಾರಿ ಸವೆಸುವುದಿಲ್ಲ. ಸೌಮ್ಯವಾದ ಖಿನ್ನತೆಗೆ ಎಷ್ಟೋ ವೇಳೆ ಆಪ್ತಸಲಹೆಯೇ ಸಾಕಾಗುತ್ತದೆ. ತೀವ್ರವಾದುದಕ್ಕೆ ಎರಡೂ ಬೇಕಾಗುತ್ತವೆ. ಯಾವುದು ಬೇಕೆಂಬುದನ್ನು ತೀರ್ಮಾನಿಸತಕ್ಕವರು ವೈದ್ಯರು. ನೋವನ್ನು ತಾಯ್ನುಡಿಯಲ್ಲಿಯೇ ಹೇಳಿಕೊಳ್ಳಲು ಬಯಸುವವರು ಸರ್ಕಾರದ ‘ಟೆಲಿ ಮಾನಸ್’ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಬಹುದು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಈ ಸೇವೆಯ ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್. ಅದರ ಭಾಷೆಗಳಲ್ಲಿ ಕನ್ನಡವೂ ಒಂದು.

ಅಭ್ಯಾಸ

(೧) ಭೇದ–ಭಿನ್ನ, ಛೇದ–ಛಿನ್ನ, ಖೇದ–ಖಿನ್ನ: ಪ್ರತಿಯೊಂದು ಪದವನ್ನೂ ಸ್ವಂತ ವಾಕ್ಯದಲ್ಲಿ ಬಳಸಿರಿ.
(೨) ‘ನಿವಾರಕ’, ‘ನಾಶಕ’ ಎಂದು ಕೊನೆಯಾಗುವ ತಲಾ ಎರಡು ಪದಗಳನ್ನು ಬರೆದು ಅರ್ಥದ ಅಂತರವನ್ನು ತಿಳಿಸಿರಿ.
(೩) ‘ಬೇಜಾರು’ ಎಂಬ ಪದವನ್ನು ಬಳಸದೆ, ಮನಸ್ಸು ಕುಗ್ಗಿದವರೊಬ್ಬರ ಸ್ಥಿತಿಯನ್ನು ವೈದ್ಯರಿಗೆ ತಿಳಿಯುವಂತೆ ಐದು ವಾಕ್ಯಗಳಲ್ಲಿ ಹೇಳಿರಿ.