ಅಟ್ಟ ಹತ್ತಿದ್ದು ಇಳಿಯುವುದಿಲ್ಲ ಯಾಕೆ?

ಪ್ರಶ್ನೆ: ಪ್ರತಿ ದೀಪಾವಳಿಗೂ ಮನೆಯನ್ನೆಲ್ಲ ಗುಡಿಸಿ, ಸಾರಿಸಿ, ಸಾಮಾನು ಜೋಡಿಸಿಡುತ್ತೇವೆ. ಸಂಕ್ರಾಂತಿ ಬರುವಷ್ಟರಲ್ಲಿ ಮತ್ತೆ ಮೊದಲಿನಂತೆಯೇ. ನಮ್ಮ ಅತ್ತೆಯವರು ತುಪ್ಪದ ಖಾಲಿ ಡಬ್ಬಿಯನ್ನೂ ಬಿಸಾಡಲು ಬಿಡುವುದಿಲ್ಲ. ಜಪಾನಿನ ಮಹಿಳೆಯೊಬ್ಬರು ಮನೆ ಒಪ್ಪ ಮಾಡುವ ಪದ್ಧತಿಯನ್ನು ಟಿ.ವಿ.ಯಲ್ಲಿ ನೋಡಿದೆ. ಅದು ನಮ್ಮಂಥ ಮನೆಗೆ ಆಗಿಬರುತ್ತದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಪತ್ರ ಓದಿದ ಮೇಲೆ ಮೊದಲು ನಮ್ಮ ಮನೆಯ ಅಟ್ಟ ಹತ್ತಿದೆ. ಉತ್ತರ ಹೇಳುವವರಿಗೂ ಒಂದಿಷ್ಟು ಯೋಗ್ಯತೆ ಬೇಕಲ್ಲ. ಹಿಡಿ ಮುರಿದ ಕುಕ್ಕರ್, ಅದರ ನಾಲ್ಕು ಹಳೇ ಗ್ಯಾಸ್ಕೆಟ್‌ಗಳು, ಟಿ.ವಿ. ಬಂದಿದ್ದ ರಟ್ಟಿನ ಪೆಟ್ಟಿಗೆ (ಟಿ.ವಿ. ಕೆಟ್ಟು ಎರಡು ವರ್ಷವಾಯಿತು), ಮತ್ತು ಒಂದು ಹಾರ್ಲಿಕ್ಸ್ ಬಾಟಲಿಯ ತುಂಬ ಬೀಗದ ಕೈಗಳು ಸಿಕ್ಕವು. ಎಣಿಸಿದೆ, ಹತ್ತೊಂಬತ್ತು. ಮನೆಯಲ್ಲಿರುವ ಬೀಗಗಳು ಐದು. ಒಂದೊಂದನ್ನೂ ಹಾಕಿ ತಿರುಗಿಸಿ ನೋಡಿದೆ, ಯಾವುದೂ ಯಾವುದಕ್ಕೂ ಹತ್ತಲಿಲ್ಲ. ಬಾಟಲಿಯ ಮುಚ್ಚಳ ಬಿಗಿ ಮಾಡಿ, ಅಲ್ಲೇ ಇಟ್ಟು ಇಳಿದು ಬಂದೆ.

ನೀವು ಟಿ.ವಿ.ಯಲ್ಲಿ ನೋಡಿದ್ದು ಬಹುಶಃ ಮರಿ ಕೊಂಡೊ ಅವರನ್ನು. 2014ರಲ್ಲಿ ಅವರ ಪುಸ್ತಕ ಇಂಗ್ಲಿಷಿಗೆ ಬಂದು ಜಗತ್ತಿನ ತುಂಬ ಓಡಾಡಿತು. 2019ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಕಾರ್ಯಕ್ರಮವೂ ಬಂತು. ಅವರ ಪದ್ಧತಿಯಲ್ಲಿ ಎರಡು ಭಾಗ. ಕೋಣೆಯಿಂದ ಕೋಣೆಗೆ ಹೋಗಬೇಡಿ, ಸಾಮಾನಿನ ಬಗೆ ಹಿಡಿದು ಹೊರಡಿ ಎನ್ನುವುದು ಮೊದಲನೆಯದು. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕಟ್ಟಕಡೆಗೆ ನೆನಪಿನ ವಸ್ತುಗಳು. ಮನೆಯ ಮೂಲೆ ಮೂಲೆಯಿಂದ ಬಟ್ಟೆಯನ್ನೆಲ್ಲ ತಂದು ಒಂದೇ ಕಡೆ ಸುರಿಯಬೇಕು. ಇದು ಚಿನ್ನದಂಥ ಮಾತು. ಮೂರು ಬೀರುಗಳಲ್ಲಿ ಹಂಚಿಹೋದ ಹದಿನಾರು ಟವಲ್ಲು ಒಂದೇ ರಾಶಿಯಲ್ಲಿ ಬಿದ್ದಾಗಲೇ ಅವು ಹದಿನಾರು ಎಂದು ಮನೆಯವರಿಗೆ ಗೊತ್ತಾಗುವುದು.

ಎರಡನೆಯ ಭಾಗದಲ್ಲಿ ನನಗೆ ತಕರಾರಿದೆ. ಒಂದೊಂದನ್ನೂ ಕೈಗೆತ್ತಿಕೊಂಡು, ಇದರಿಂದ ಮನಸ್ಸಿಗೆ ಪುಳಕವಾಗುತ್ತದೆಯೇ ಎಂದು ಕೇಳಿಕೊಳ್ಳಬೇಕಂತೆ. ಆಗದಿದ್ದರೆ ಥ್ಯಾಂಕ್ಸ್ ಹೇಳಿ ಕಳಿಸಬೇಕು. ಶ್ಯಾವಿಗೆ ಒರಳನ್ನು ಕೈಗೆತ್ತಿಕೊಂಡರೆ ನಮ್ಮ ಕಡೆ ಝಲ್ಲೆನ್ನುವುದು ಎದೆಯಲ್ಲ, ಸೊಂಟ. ಆದರೂ ಅದು ಬೇಕು. ಇನ್ನೊಂದು ಮಾತು: ಮೂರನೇ ಮಗುವಾದ ಮೇಲೆ ತಾನೂ ಒಪ್ಪ ಓರಣದ ಹಟ ಸ್ವಲ್ಪ ಬಿಟ್ಟಿದ್ದೇನೆ ಎಂದು 2023ರಲ್ಲಿ ಕೊಂಡೊ ಅವರೇ ಒಪ್ಪಿಕೊಂಡರು. ನನಗೆ ಅವರ ಮೇಲೆ ಗೌರವ ಹೆಚ್ಚಾಗಿದ್ದು ಆಗಲೇ.

ಅತ್ತೆಯವರ ಡಬ್ಬಿಗೆ ಬರೋಣ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಕಾನೆಮನ್, ಕ್ನೆಟ್ಷ್, ಥೇಲರ್ ಎಂಬ ಮೂವರು ಮಾಡಿದ ಒಂದು ಪ್ರಯೋಗವಿದೆ. 1990ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಉಳಿದವರಿಗೆ ಎಷ್ಟು ಕೊಟ್ಟು ಕೊಳ್ಳುತ್ತೀರಿ ಎಂದರು. ಕೊಳ್ಳುವವರು ಹೆಚ್ಚಾಗಿ ಎರಡೂವರೆ ಡಾಲರಿನ ಆಸುಪಾಸಿನಲ್ಲೇ ನಿಂತರು, ಮಗ್ ಸಿಕ್ಕವರು ಐದು ಡಾಲರಿಗೂ ತುಸು ಹೆಚ್ಚೇ ಕೇಳಿದರು. ಕೈಗೆ ಬಂದು ಇನ್ನೂ ಬಿಸಿಯಾಗದ ಮಗ್ಗಿಗೇ ಹೀಗೆ. ಹಾಗಿರುವಾಗ ಇಪ್ಪತ್ತು ವರ್ಷ ಬೇಳೆ ತುಂಬಿಟ್ಟ ಡಬ್ಬಿಗೆ ಎಷ್ಟಾಗಬೇಕು, ನೀವೇ ಲೆಕ್ಕ ಹಾಕಿ. ಬೀಗದ ಕೈಗಳನ್ನು ನಾನು ಅಲ್ಲೇ ಇಟ್ಟು ಇಳಿದದ್ದಕ್ಕೂ ಇದೇ ಕಾರಣ.

ಆದರೆ ಎಲ್ಲವನ್ನೂ ಮೋಹದ ಲೆಕ್ಕಕ್ಕೆ ಬರೆಯುವುದು ಅತ್ತೆಯವರಿಗೆ ಅನ್ಯಾಯ. ಅವರು ಸಂಸಾರ ಮಾಡಿದ ಕಾಲದಲ್ಲಿ ಸಾಮಾನಿಗೆ ಮನೆಯೊಳಗೆ ಬರುವ ದಾರಿ ಒಂದಿದ್ದರೆ ಹೊರಗೆ ಹೋಗುವ ದಾರಿ ನಾಲ್ಕಿದ್ದವು. ತಗಡಿನ ಡಬ್ಬಿ ಹಿಟ್ಟಿನ ಡಬ್ಬಿಯಾಗಿ, ತುಕ್ಕು ಹಿಡಿದಾಗ ದೊಡ್ಡಪತ್ರೆ ಗಿಡದ ಕುಂಡವಾಗಿ, ತಳ ಉದುರಿದ ಮೇಲೆ ಗುಜರಿಯವನ ಸೈಕಲ್ ಏರಿ ಹೋಗುತ್ತಿತ್ತು. ಜರಿ ಸೀರೆ ಹಳೆಯದಾದರೆ ಬೀದಿಯಲ್ಲಿ ಕೂಗುತ್ತ ಬರುವ ಪಾತ್ರೆಯವಳು ಸ್ಟೀಲ್ ಬೇಸಿನ್ ಕೊಟ್ಟು ಒಯ್ಯುತ್ತಿದ್ದಳು. ಅದಕ್ಕೆ ಮುಂಚೆ ಅರ್ಧ ಗಂಟೆ ಜಗಲಿಯ ಮೇಲೆ ಚೌಕಾಸಿ. ನೂಲಿನ ಸೀರೆ ಮಗಳ ಲಂಗವಾಗಿ, ತೊಟ್ಟಿಲ ಅರಿವೆಯಾಗಿ, ಕೌದಿಯ ಒಳಪದರವಾಗಿ, ಕೊನೆಗೆ ಒಲೆ ಮುಂದಿನ ಮಸಿ ಅರಿವೆಯಾಗುತ್ತಿತ್ತು.

ಕೌದಿ ಎಂದಾಗ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ನೆನಪಾಗುತ್ತಾರೆ. ಹಳೇ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತ ನಡುವಿಗೆ ಹೊಲಿದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ತ್ರಿಕೋನಗಳನ್ನು ಹೂವಿನ ಹಾಗೆ ಕೂರಿಸುತ್ತಾರೆ. ಅದಿಲ್ಲದಿದ್ದರೆ ಕೌದಿ ಬರಿಮೈಯಲ್ಲಿದ್ದಂತೆ ಎಂಬ ಭಾವನೆ ಅವರದು. ಇಟ್ಟುಕೊಂಡದ್ದು ಬಳಕೆಗೆ ಬರುವುದೆಂದರೆ ಹೀಗೆ.

ಈಗ ಏನಾಗಿದೆ? ಕೊರಿಯರ್ ಹುಡುಗ ದಿನಕ್ಕೆರಡು ಸಲ ಗಂಟೆ ಒತ್ತುತ್ತಾನೆ, ಪಾತ್ರೆಯವಳು ಮಾತ್ರ ಬೀದಿಗೆ ಬಂದು ವರ್ಷಗಳಾದವು. ಪಾಲಿಯೆಸ್ಟರ್ ಚೂಡಿದಾರ್ ನೀರು ಹೀರುವುದಿಲ್ಲ, ಮಸಿ ಅರಿವೆಯಾಗಲೂ ನಾಲಾಯಕ್ಕು. ಥರ್ಮೋಕೋಲನ್ನು ಗುಜರಿಯವನೂ ಮುಟ್ಟುವುದಿಲ್ಲ. ಇಟ್ಟುಕೊಳ್ಳುವ ಅಭ್ಯಾಸ ಉಳಿಯಿತು, ಸಾಗಹಾಕುವ ದಾರಿಗಳು ಮುಚ್ಚಿದವು. ನಿಮ್ಮ ಅಟ್ಟ ತುಂಬಿರುವುದು ಅತ್ತೆಯವರ ಜಿಪುಣತನದಿಂದಲ್ಲ, ಇದರಿಂದ.

ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಹೊರಬಾಗಿಲಿನಿಂದ. ಅಟ್ಟ ಹತ್ತುವ ಮೊದಲು ಗುಜರಿಯವನಿಗೆ ಫೋನ್ ಮಾಡಿ, ಭಾನುವಾರ ಹನ್ನೊಂದಕ್ಕೆ ಬರಲು ಹೇಳಿ. ತಕ್ಕಡಿ ಅಂಗಳಕ್ಕೆ ಬಂದು ನಿಂತರೆ ಎಂಥವರಿಗೂ ಬೇಗ ತೀರ್ಮಾನ ಹೊಳೆಯುತ್ತದೆ. ಚೌಕಾಸಿಯನ್ನು ಅತ್ತೆಯವರ ಕೈಗೆ ಬಿಡಿ, ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ಅವರು ಇಲ್ಲದಾಗ ಅವರ ಸಾಮಾನು ಮುಟ್ಟಲೇಬೇಡಿ. ಮೊದಲ ಸಲ ಹೊರಹೋಗುವುದು ನಿಮ್ಮ ಬೀರುವಿನ ಸಾಮಾನಾಗಿರಲಿ. ಡಬ್ಬಿಗಳಿಗೆ ಅಡುಗೆಮನೆಯ ಒಂದು ಗೂಡು ಬಿಟ್ಟುಕೊಡಿ. ಗೂಡು ತುಂಬಿದರೆ ಹೊಸದು ಬಂದಾಗ ಹಳೆಯದೊಂದು ಹೋಗಬೇಕು, ಯಾವುದು ಎಂದು ಹೇಳುವವರು ಅವರೇ. ಹಿತ್ತಾಳೆ ಕೊಡ, ತಾಮ್ರದ ಹಂಡೆಯನ್ನು ಮಾತ್ರ ತೂಕಕ್ಕೆ ಹಾಕಬೇಡಿ. ನೀರು ತುಂಬುವ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಲು ಮನೆಯಲ್ಲಿ ಒಂದು ಹಂಡೆ ಇರಲಿ.

ಕಾಗದಪತ್ರದಲ್ಲಿ ಆತುರ ಬೇಡ. ಕ್ರಯಪತ್ರ, ವಿಭಾಗಪತ್ರ, ಖಾತೆ, ಪಹಣಿ, ಕಂದಾಯ ಕಟ್ಟಿದ ರಸೀದಿ ಎಷ್ಟೇ ಹಳತಾಗಿರಲಿ, ಹರಿದಿರಲಿ, ಇರಬೇಕು. ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಇದೆಯೆಂದು ಮೂಲಪ್ರತಿ ಕೈಬಿಡಬೇಡಿ. ಹತ್ತು ವರ್ಷದ ಹಿಂದಿನ ಕರೆಂಟ್ ಬಿಲ್ಲು, ಮದುವೆ ಕರೆಯೋಲೆಗಳು ಧಾರಾಳವಾಗಿ ಹೋಗಲಿ. ಹಳೇ ಮೊಬೈಲ್, ಚಾರ್ಜರ್, ಬ್ಯಾಟರಿಯನ್ನು ರದ್ದಿಯ ಜೊತೆ ಸೇರಿಸಬೇಡಿ. ತಾಮ್ರದಾಸೆಗೆ ಆ ತಂತಿಗಳನ್ನು ಬಯಲಲ್ಲಿ ಸುಡುವವರಿದ್ದಾರೆ, ಆ ಹೊಗೆ ಒಳ್ಳೆಯದಲ್ಲ. ಇ-ತ್ಯಾಜ್ಯ ತೆಗೆದುಕೊಳ್ಳಲು ಪರವಾನಗಿ ಇರುವವರಿಗೇ ಕೊಡಿ.

ದೀಪಾವಳಿಯ ಮಾತು ಬಾಕಿ ಉಳಿಯಿತು. ಹಬ್ಬ ನಾಲ್ಕು ದಿನ ಇದೆ ಎನ್ನುವಾಗ ಕೈಗೆ ಸಿಕ್ಕಿದ್ದೆಲ್ಲ ಅಟ್ಟಕ್ಕೇ ಹೋಗುತ್ತದೆ, ಹೊರಗೆ ಹೋಗುವುದಿಲ್ಲ. ಅದೇ ವಾರ ರಿಯಾಯಿತಿ ಮಾರಾಟ, ಉಡುಗೊರೆಯ ಡಬ್ಬಿಗಳು ಬೇರೆ. ಈ ಸಲ ಶಿವರಾತ್ರಿ ಮತ್ತು ಯುಗಾದಿಯ ನಡುವೆ ಮಾಡಿ ನೋಡಿ. ಗಾದಿ, ಕೌದಿ ಒಣಗಲು ಒಳ್ಳೇ ಬಿಸಿಲು, ನೆಂಟರ ಕಾಟವೂ ಕಡಿಮೆ.

ಕಳೆದ ಭಾನುವಾರ ನಮ್ಮಲ್ಲಿಗೂ ತಕ್ಕಡಿ ಬಂದಿತ್ತು. ಕುಕ್ಕರ್ ಹೋಯಿತು, ಹತ್ತೊಂಬತ್ತು ಬೀಗದ ಕೈಗಳೂ ಹೋದವು. ಹಾರ್ಲಿಕ್ಸ್ ಬಾಟಲಿಯನ್ನು ಮಾತ್ರ ತೊಳೆದು ಒಣಗಲು ಇಟ್ಟಿದ್ದೇನೆ, ಸಾಸಿವೆ ಹಾಕಿಡಲು ಬೇಕಾಗುತ್ತದೆ.