ಬಿಸಿಲಿನ ಮೇಲೆ ದೂರು ಹೊರಿಸುವ ಮುನ್ನ

ಬೇಸಿಗೆ ಶುರುವಾದರೆ ಚರ್ಮದ ಡಾಕ್ಟರ ಮುಂದೆ ದಿನವೂ ಕೇಳಿಬರುವ ಮಾತು: “ಡಾಕ್ಟ್ರೇ, ನಂಗೆ ಬಿಸಿಲು ಆಗಿಬರಲ್ಲ.” ಹಾಗೆನ್ನುವವರ ಕಾಯಿಲೆ ಒಂದೇ ಅಲ್ಲ. ಎಷ್ಟೋ ಸಲ ಬಿಸಿಲಿನ ಜೊತೆ ಗಿಡವೋ ಮಾತ್ರೆಯೋ ಮುಲಾಮೋ ಸೇರಿಕೊಂಡಿರುತ್ತದೆ. ಅದನ್ನು ಹುಡುಕುತ್ತ ಕಲಿತ ಪಾಠಗಳಿವು.

1. ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಕೇಳಬೇಕು.
ಬಿಸಿಲಿಗೆ ಹೋದ ಕೆಲವೇ ನಿಮಿಷಗಳಲ್ಲಿ ಗಂಧೆ ಎದ್ದು, ನೆರಳಿಗೆ ಬಂದ ಕೆಲವು ತಾಸಿನಲ್ಲಿ ಗುರುತೇ ಇಲ್ಲದಂತೆ ಅಡಗಿದರೆ ಅದು ಸೋಲಾರ್ ಅರ್ಟಿಕೇರಿಯಾ, ಅಪರೂಪದ್ದು. ಕೆಲವು ಗಂಟೆ ಬಿಟ್ಟೋ ಮರುದಿನವೋ ಮುಂಗೈ, ಕತ್ತಿನ ಹಿಂಭಾಗದಲ್ಲಿ ನವೆಯ ಗುಳ್ಳೆಗಳೆದ್ದು ದಿನಗಟ್ಟಲೆ ಉಳಿದರೆ ಪಾಲಿಮಾರ್ಫಿಕ್ ಲೈಟ್ ಇರಪ್ಷನ್. ನಾವು ಹೆಚ್ಚಾಗಿ ನೋಡುವುದು ಇದನ್ನೇ. ನಮ್ಮ ಕಂದು ಚರ್ಮದಲ್ಲಿ ಅದು ಕೆಂಪಗಾಗದೆ ಗಸಗಸೆಯಷ್ಟು ಸಣ್ಣ, ಬಿಳಿಚಿದ ಗುಳ್ಳೆಗಳಾಗಿ ಕಾಣುವುದುಂಟು. ತೊನ್ನೆಂದು ಹೆದರಿ ಬರುವವರೂ ಇದ್ದಾರೆ.

2. ಬಿಸಿಲು ತಾಕದ ಜಾಗವನ್ನೂ ನೋಡಬೇಕು.
ಕಣ್ಣಿನ ಮೇಲ್ರೆಪ್ಪೆ, ಕಿವಿಯ ಹಿಂಬದಿ, ಗದ್ದದ ಅಡಿ ಚೊಕ್ಕಟವಾಗಿದ್ದು ಹಣೆ, ಕೆನ್ನೆ, ಮೂಗು ಮಾತ್ರ ಕೆಟ್ಟಿದ್ದರೆ ಬಿಸಿಲನ್ನು ಶಂಕಿಸಬಹುದು. ಆ ಮರೆಯ ಜಾಗಗಳಲ್ಲೂ ಮೊಣಕೈ ಮಡಿಕೆಯಲ್ಲೂ ಇಸುಬು ಇದ್ದರೆ, ಗಾಳಿಯಲ್ಲಿ ತೇಲಿಬಂದದ್ದೇನು ಎಂದು ಕೇಳಬೇಕು.

3. ಹೊಲದಲ್ಲಿ ದುಡಿಯುವವರಲ್ಲಿ ಮೊದಲ ಶಂಕೆ ಕಾಂಗ್ರೆಸ್ ಗಿಡದ ಮೇಲೆ.
ಪಾರ್ಥೇನಿಯಂ ಎಂಬ ಈ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಅದರ ರೋಮಗಳಲ್ಲಿರುವ ಪಾರ್ಥೆನಿನ್ ಎಂಬ ಅಲರ್ಜಿಕಾರಕ ಒಣಗಿದ ಗಿಡದ ಪುಡಿಯೊಡನೆ ಹಾರಿ ಮುಖ, ಕತ್ತುಗಳ ಮೇಲೆ ಕೂರುತ್ತದೆ. ತೆರೆದ ಮೈಯೇ ಕೆಡುವುದರಿಂದ ರೋಗಿ ಬಿಸಿಲನ್ನು ದೂರುತ್ತಾನೆ. ವರ್ಷಗಳು ಕಳೆದಂತೆ ಕೆಲವರ ಚರ್ಮ ನಿಜವಾಗಿಯೂ ಬೆಳಕನ್ನು ಸಹಿಸದಂತಾಗಿ, ಗಿಡ ಸೋಕದಿದ್ದರೂ ಬಿಸಿಲಿಗೇ ಕೆರಳುತ್ತದೆ. 1984ರಲ್ಲಿ ಬೆಂಗಳೂರಿನಲ್ಲಿ ಈ ಗಿಡ ತಿನ್ನುವ ಮೆಕ್ಸಿಕೊದ ದುಂಬಿಯನ್ನು ಬಿಟ್ಟರು. ಗಿಡ ಮಾತ್ರ ಇನ್ನೂ ರಸ್ತೆಯಂಚಿನಲ್ಲೇ ಇದೆ. ಹಾಗಾಗಿ ಅಲರ್ಜಿ ಇರುವವರು ಕಳೆ ಕೀಳುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಹೊಲದಿಂದ ಬಂದವರೇ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಒಗೆದ ಬಟ್ಟೆಯನ್ನು ಆ ಗಿಡಗಳ ಪಕ್ಕ ಒಣಹಾಕಬಾರದು.

4. ಮಾತ್ರೆಗಳ ಪಟ್ಟಿ ನೋಡದೆ ಚೀಟಿ ಬರೆಯಬಾರದು.
ಮೊಡವೆಗೂ ಇಲಿಜ್ವರಕ್ಕೂ ಕೊಡುವ ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಮಂಡಿನೋವಿಗೆ ಹಚ್ಚುವ ಕೀಟೋಪ್ರೊಫೆನ್ ಜೆಲ್ — ಇವೆಲ್ಲ ಬಿಸಿಲಿನೊಡನೆ ಸೇರಿ ಚರ್ಮ ಕೆಡಿಸಬಲ್ಲವು. ಆದರೆ ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಿ.

5. ಮುಖದ ಕಪ್ಪು ಹೋಗಲೆಂದು ನಿಂಬೆರಸ ಹಚ್ಚಬೇಡಿ.
ನಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳಬಹುದು. ರಸ ಹರಿದ ಗೆರೆಯುದ್ದಕ್ಕೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಇದು ಅಲರ್ಜಿಯೇ ಅಲ್ಲ, ಯಾರಿಗೂ ಆಗಬಹುದು. ಅಂಗಡಿಯಲ್ಲಿ ಕೇಳಿ ಪಡೆದ ಸ್ಟೀರಾಯ್ಡ್ ಕ್ರೀಮಂತೂ ಎರಡು ದಿನ ನವೆ ಅಡಗಿಸಿ, ಆಮೇಲೆ ಮುಖದ ಚರ್ಮವನ್ನೇ ತೆಳುವಾಗಿಸುತ್ತದೆ. ಅಂಥ ಚರ್ಮಕ್ಕೆ ಎಳೆಬಿಸಿಲೂ ಉರಿ.

6. ಬಟ್ಟೆ ಮೊದಲು, ಸನ್‌ಸ್ಕ್ರೀನ್ ಆಮೇಲೆ.
ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಕೊಡೆ, ತಲೆಯ ಮೇಲೆ ಸೆರಗು ಬೆವರಿಗೆ ಕರಗುವುದಿಲ್ಲ. ಸನ್‌ಸ್ಕ್ರೀನ್ ಆದರೆ ಮುಖ, ಕತ್ತಿಗೆ ಎರಡು ಬೆರಳುದ್ದ ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿ-ಬಿ ಕಿರಣಗಳ ಲೆಕ್ಕ. ಬಸ್ಸಿನ ಕಿಟಕಿ ಗಾಜನ್ನೂ ದಾಟಿ ಬರುವ ಯುವಿ-ಎ ತಡೆಯಲು ಡಬ್ಬಿಯ ಮೇಲೆ ‘ಬ್ರಾಡ್ ಸ್ಪೆಕ್ಟ್ರಮ್’ ಎಂದಿರುವುದನ್ನೇ ಕೊಳ್ಳಿ.

7. ಕೆಲವು ಲಕ್ಷಣ ಕಂಡರೆ ಕಾಯಬಾರದು.
ಬಿಸಿಲಿಗೆ ಕೆನ್ನೆಗಳು ಕೆಂಪೇರುವುದರ ಜೊತೆ ಕೀಲುನೋವು, ಜ್ವರ, ಬಾಯಿಹುಣ್ಣು, ಕೂದಲುದುರುವಿಕೆ ಇದ್ದರೆ ಅದು ಲೂಪಸ್ ಇರಬಹುದು. ಅದು ಮೂತ್ರಪಿಂಡಕ್ಕೂ ಕೈಹಾಕುವ ಕಾಯಿಲೆ. ರಕ್ತ, ಮೂತ್ರ ಪರೀಕ್ಷೆ ತಡಮಾಡಬಾರದು.

ಡಾಕ್ಟರ ಸರದಿ ಬರುವ ಹೊತ್ತಿಗೆ ಗುಳ್ಳೆಗಳು ಮಾಯವಾಗಿರುವುದು ಮಾಮೂಲು. ಆದ್ದರಿಂದ ಎದ್ದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಬರುವಾಗ ನುಂಗುವ ಮಾತ್ರೆ, ಹಚ್ಚಿದ ಟ್ಯೂಬು ಎಲ್ಲವನ್ನೂ ತನ್ನಿ, ಖಾಲಿಯಾದದ್ದೂ ಸೇರಿ.