ಅದೇ ಧ್ವನಿ, ಅದೇ ಸ್ಟುಡಿಯೋ, ಬೇರೆ ಕಾಂಟ್ರಾಕ್ಟ್: ಪ್ಯಾಟ್ಸಿ ಕ್ಲೈನ್‌ಳ ರೆಕಾರ್ಡಿಂಗ್ ಬದುಕು

ಲ್ಯಾಬ್‌ನಲ್ಲಿ ನಮಗೆ ಮೊದಲ ಸೆಮಿಸ್ಟರ್‌ನಿಂದಲೇ ಹೇಳಿಕೊಡೋ ಒಂದು ನಿಯಮ ಇದೆ. ಒಂದು ಸಲಕ್ಕೆ ಒಂದೇ ವೇರಿಯಬಲ್ ಬದಲಾಯಿಸಿ, ಉಳಿದದ್ದನ್ನ ಹಾಗೇ ಇಡಿ, ಆಮೇಲೆ ರೀಡಿಂಗ್ ತಗೊಳ್ಳಿ. ಇಲ್ಲದಿದ್ದರೆ ಯಾವುದರಿಂದ ಏನಾಯ್ತು ಅಂತ ಹೇಳೋಕೆ ಆಗಲ್ಲ. ಕಲಾವಿದರ ಬದುಕಿನಲ್ಲಿ ಇಂಥ ಪ್ರಯೋಗ ಸಿಗೋದು ಕಷ್ಟ. ಒಬ್ಬ ಗಾಯಕಿ ಯಾಕೆ ಗೆದ್ದಳು, ಇನ್ನೊಬ್ಬಳು ಯಾಕೆ ಸೋತಳು ಅಂತ ಕೇಳಿದರೆ ಪ್ರತಿಭೆ, ಶ್ರಮ, ಹಣೆಬರಹ ಅಂತ ಏನೋ ಒಂದು ಹೇಳಿ ಮುಗಿಸಿಬಿಡ್ತೀವಿ.

ಅಮೆರಿಕದ ಕಂಟ್ರಿ ಗಾಯಕಿ ಪ್ಯಾಟ್ಸಿ ಕ್ಲೈನ್ ವಿಷಯದಲ್ಲಿ ಮಾತ್ರ ಅಂಥ ಒಂದು ಪ್ರಯೋಗ ತಾನಾಗಿಯೇ ನಡೆದುಹೋಗಿದೆ. ಅವಳು ರೆಕಾರ್ಡ್ ಮಾಡಿದ್ದು 1955ರಿಂದ 1963ರವರೆಗೆ, ಎಂಟು ವರ್ಷಕ್ಕೂ ಕಡಿಮೆ. ಮೊದಲ ಐದು ವರ್ಷ ಒಂದು ಕಂಪನಿಯ ಕಾಂಟ್ರಾಕ್ಟ್, ಕೊನೆಯ ಎರಡೂಕಾಲು ವರ್ಷ ಇನ್ನೊಂದರದು. ಎರಡೂ ಅವಧಿಯಲ್ಲಿ ಹಾಡಿದ್ದು ಅದೇ ಹೆಂಗಸು, ಹಾಡಿಸಿದ್ದು ಅದೇ ಮನುಷ್ಯ, ಬಹುಪಾಲು ಅದೇ ಸ್ಟುಡಿಯೋ. ಫಲಿತಾಂಶ ಮಾತ್ರ ಅಜಗಜಾಂತರ. ಹಾಗಾದರೆ ಬದಲಾದದ್ದು ಏನು? ಈ ಲೇಖನದಲ್ಲಿ ಅದನ್ನೇ ನೋಡೋಣ.

ಮೊದಲು ಸ್ವಲ್ಪ ಹಿನ್ನೆಲೆ

ಕಂಟ್ರಿ ಅಂದರೆ ಅಮೆರಿಕದ ದಕ್ಷಿಣದ ಹಳ್ಳಿಗಾಡಿನಿಂದ ಬಂದ ಸಂಗೀತ. ಪಿಟೀಲು, ಗಿಟಾರ್, ಬ್ಯಾಂಜೋ, ಜಾರುವ ಸ್ವರದ ಸ್ಟೀಲ್ ಗಿಟಾರ್ ಇದರ ಗುರುತು. ಸಾಹಿತ್ಯದಲ್ಲಿ ಸುತ್ತಿಬಳಸಿ ಹೇಳೋದಿಲ್ಲ: ಪ್ರೀತಿ, ಕುಡಿತ, ಮುರಿದ ಮದುವೆ, ಊರಿನ ನೆನಪು. ಇದರ ರಾಜಧಾನಿ ಟೆನೆಸ್ಸೀ ರಾಜ್ಯದ ನ್ಯಾಶ್ವಿಲ್. ಅಲ್ಲಿನ ‘ಗ್ರ್ಯಾಂಡ್ ಓಲ್ ಓಪ್ರಿ’ ಅನ್ನೋ ರೇಡಿಯೋ ಕಾರ್ಯಕ್ರಮ 1925ರಲ್ಲಿ ಶುರುವಾಗಿ ಇವತ್ತಿಗೂ ನಡೀತಿದೆ.

ಪ್ಯಾಟ್ಸಿಯ ಹುಟ್ಟುಹೆಸರು ವರ್ಜೀನಿಯಾ ಪ್ಯಾಟರ್ಸನ್ ಹೆನ್ಸ್ಲಿ. ಹುಟ್ಟಿದ್ದು 1932ರ ಸೆಪ್ಟೆಂಬರ್ 8ರಂದು, ವರ್ಜೀನಿಯಾ ರಾಜ್ಯದ ವಿಂಚೆಸ್ಟರ್‌ನಲ್ಲಿ. ಮನೆಯಲ್ಲಿ ದುಡ್ಡಿರಲಿಲ್ಲ. ಹೈಸ್ಕೂಲು ಅರ್ಧಕ್ಕೇ ಬಿಟ್ಟು ಔಷಧಿ ಅಂಗಡಿಯೊಂದರ ಸೋಡಾ ಕೌಂಟರ್‌ನಲ್ಲಿ ಕೆಲಸ ಮಾಡಿದಳು, ರಾತ್ರಿ ಕ್ಲಬ್‌ಗಳಲ್ಲಿ ಹಾಡಿದಳು. ಸ್ಟೇಜಿಗೆ ಹಾಕಿಕೊಳ್ಳೋ ಬಟ್ಟೆಯನ್ನ ಅಮ್ಮನೇ ಹೊಲಿದು ಕೊಡ್ತಿದ್ದಳು. ಸ್ವರಲಿಪಿ ಓದೋಕೆ ಬರ್ತಿರಲಿಲ್ಲ, ಎಲ್ಲಾ ಕಿವಿಯಿಂದಲೇ ಕಲಿತದ್ದು.

ಮೊದಲ ಕಾಂಟ್ರಾಕ್ಟ್

1954ರ ಸೆಪ್ಟೆಂಬರ್‌ನಲ್ಲಿ ಅವಳು ಫೋರ್ ಸ್ಟಾರ್ ಅನ್ನೋ ಕಂಪನಿ ಜೊತೆ ಸಹಿ ಮಾಡಿದಳು. ಅದರ ಮಾಲೀಕ ಬಿಲ್ ಮೆಕಾಲ್. ಆಗ ಅವಳಿಗೆ 22 ವರ್ಷ, ಅಂದರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು. ಕಾಂಟ್ರಾಕ್ಟ್‌ನಲ್ಲಿ ಮುಖ್ಯವಾದ ಒಂದು ಷರತ್ತಿತ್ತು: ಫೋರ್ ಸ್ಟಾರ್ ಪ್ರಕಟಣೆಯ ಹಕ್ಕು ಹೊಂದಿರೋ ಹಾಡುಗಳನ್ನ ಮಾತ್ರ ಅವಳು ರೆಕಾರ್ಡ್ ಮಾಡಬೇಕು.

ಇದರಿಂದ ಕಂಪನಿಗೆ ಏನು ಲಾಭ? ಒಂದು ರೆಕಾರ್ಡ್ ಮಾರಾಟವಾದರೆ ದುಡ್ಡು ಎರಡು ದಾರಿಯಲ್ಲಿ ಹರಿಯುತ್ತೆ. ಒಂದು, ಹಾಡಿದವರಿಗೆ ಸಿಗೋ ರಾಯಲ್ಟಿ. ಇನ್ನೊಂದು, ಹಾಡು ಬರೆದವರು ಮತ್ತು ಅದರ ಪ್ರಕಾಶಕರಿಗೆ ಸಿಗೋ ರಾಯಲ್ಟಿ. ಈ ಎರಡನೆಯದಕ್ಕೆ ಅಮೆರಿಕದ 1909ರ ಕಾಯ್ದೆ ಪ್ರತಿ ಹಾಡಿಗೆ 2 ಸೆಂಟ್ ಅಂತ ದರ ಗೊತ್ತುಮಾಡಿತ್ತು. ಎರಡೂ ಮಗ್ಗುಲಿನ ಹಾಡು ತನ್ನದೇ ಆದರೆ ಪ್ರತಿ ರೆಕಾರ್ಡಿಗೂ ಪ್ರಕಾಶಕರಿಗೆ ಎರಡು ಸಲ ಕಾಸು. ಸಾಲದು ಅಂತ ಮೆಕಾಲ್ ‘ಡಬ್ಲ್ಯೂ. ಎಸ್. ಸ್ಟೀವನ್ಸನ್’ ಅನ್ನೋ ಇನ್ನೊಂದು ಹೆಸರಿನಲ್ಲಿ ಹಾಡುಗಳ ಸಹಲೇಖಕನಾಗಿಯೂ ಕಾಣಿಸಿಕೊಳ್ತಿದ್ದ. ಹಾಗಾಗಿ ಅವನ ಪಾಲಿಗೆ ಒಳ್ಳೆ ಹಾಡು ಅನ್ನೋದಕ್ಕಿಂತ ‘ನಮ್ಮ ಹಾಡು’ ಅನ್ನೋದೇ ಮುಖ್ಯ. ಪ್ಯಾಟ್ಸಿಗೆ ಸಿಗ್ತಿದ್ದ ರಾಯಲ್ಟಿಯಂತೂ ಆಗಿನ ರೂಢಿಗಿಂತ ತುಂಬಾ ಕಡಿಮೆ.

ಫೋರ್ ಸ್ಟಾರ್ ತನ್ನ ರೆಕಾರ್ಡಿಂಗ್‌ಗಳನ್ನ ದೊಡ್ಡ ಕಂಪನಿ ಡೆಕ್ಕಾಗೆ ಲೀಸ್ ಮೇಲೆ ಕೊಡ್ತಿತ್ತು. ಹೀಗಾಗಿ 1955ರಿಂದಲೇ ಪ್ಯಾಟ್ಸಿ ನ್ಯಾಶ್ವಿಲ್‌ನಲ್ಲಿ ಓವೆನ್ ಬ್ರ್ಯಾಡ್ಲಿ ಜೊತೆ ಕೆಲಸ ಮಾಡೋಕೆ ಶುರುಮಾಡಿದಳು. ಬ್ರ್ಯಾಡ್ಲಿ ಪಿಯಾನೋ ವಾದಕ, ಸಂಗೀತ ಸಂಯೋಜಕ, ಸ್ಟುಡಿಯೋ ಮಾಲೀಕ. ಅವನ ಪ್ರಸಿದ್ಧ ಸ್ಟುಡಿಯೋ ಅಂದರೆ ಒಂದು ಮನೆಯ ಹಿಂದೆ ಸೇರಿಸಿದ ತಗಡಿನ ಶೆಡ್. ಸೈನ್ಯದವರು ಬಳಸ್ತಿದ್ದ ಅರ್ಧ ಪೀಪಾಯಿ ಆಕಾರದ ಈ ಶೆಡ್‌ಗೆ ‘ಕ್ವಾನ್ಸೆಟ್ ಹಟ್’ ಅಂತ ಹೆಸರು. ನ್ಯಾಶ್ವಿಲ್‌ನ ಸಂಗೀತ ಉದ್ಯಮ ಆಮೇಲೆ ಬೆಳೆದದ್ದು ಅದರ ಸುತ್ತಲೇ.

ಫೋರ್ ಸ್ಟಾರ್ ಅವಧಿಯಲ್ಲಿ ಪ್ಯಾಟ್ಸಿ 51 ಹಾಡು ರೆಕಾರ್ಡ್ ಮಾಡಿದಳು. ಅದರಲ್ಲಿ ದೊಡ್ಡ ಹಿಟ್ ಆಗಿದ್ದು ಒಂದೇ ಒಂದು: ‘ವಾಕಿನ್ ಆಫ್ಟರ್ ಮಿಡ್‌ನೈಟ್’. ಅದೂ ಅವಳಿಗೆ ಇಷ್ಟವಿಲ್ಲದ ಹಾಡು, ಇದು ಕಂಟ್ರಿ ಅಲ್ಲ ಪಾಪ್ ಅಂತ ಅವಳ ತಕರಾರು. 1957ರ ಜನವರಿಯಲ್ಲಿ ಆರ್ಥರ್ ಗಾಡ್‌ಫ್ರೀಯ ಟಿವಿ ಪ್ರತಿಭಾ ಸ್ಪರ್ಧೆಯಲ್ಲಿ ಇದನ್ನ ಹಾಡಿ ಗೆದ್ದಳು. ಕಂಟ್ರಿ ಪಟ್ಟಿಯಲ್ಲಿ ಹಾಡು 2ನೇ ಸ್ಥಾನಕ್ಕೆ, ಪಾಪ್ ಪಟ್ಟಿಯಲ್ಲಿ 12ಕ್ಕೆ ಏರಿತು. ಅದಾದ ಮೇಲೆ 1960 ಮುಗಿಯೋವರೆಗೂ ಅಂಥ ಇನ್ನೊಂದು ಯಶಸ್ಸಿಲ್ಲ. ಕೈಯಲ್ಲಿ ದುಡ್ಡಿಲ್ಲದೆ ಕಂಪನಿ ಹತ್ತಿರ ಮುಂಗಡ ಕೇಳಿದಳು. ಕಂಪನಿ ಮುಂಗಡ ಕೊಟ್ಟಿತು, ಬದಲಿಗೆ ಕಾಂಟ್ರಾಕ್ಟ್ ಅವಧಿ ವಿಸ್ತರಿಸಿಕೊಂಡಿತು. ಸಾಲ ತೀರಿಸೋಕೆ ಇನ್ನೊಂದು ಸಾಲ ಮಾಡಿದ ಹಾಗೆ.

ಎರಡನೇ ಕಾಂಟ್ರಾಕ್ಟ್

1960ರಲ್ಲಿ ಫೋರ್ ಸ್ಟಾರ್ ಅವಧಿ ಮುಗೀತು. ಪ್ಯಾಟ್ಸಿ ನೇರವಾಗಿ ಡೆಕ್ಕಾ ಜೊತೆ ಸಹಿ ಮಾಡಿದಳು. ಅಷ್ಟರಲ್ಲಿ ಬ್ರ್ಯಾಡ್ಲಿ ಡೆಕ್ಕಾದ ನ್ಯಾಶ್ವಿಲ್ ವಿಭಾಗದ ಮುಖ್ಯಸ್ಥ. ಈಗ ಊರಿನ ಯಾವ ಕವಿಯ ಹಾಡು ಬೇಕಾದರೂ ಆರಿಸಬಹುದು. 1960ರ ನವೆಂಬರ್ 16ರಂದು ಹೊಸ ಕಾಂಟ್ರಾಕ್ಟ್‌ನ ಮೊದಲ ಸೆಷನ್. ಅಲ್ಲಿ ರೆಕಾರ್ಡ್ ಆಗಿದ್ದು ಹ್ಯಾಂಕ್ ಕೋಕ್ರನ್ ಮತ್ತು ಹಾರ್ಲನ್ ಹವರ್ಡ್ ಬರೆದ ‘ಐ ಫಾಲ್ ಟು ಪೀಸಸ್’. ಬೇರೆ ಗಾಯಕರು ಬೇಡ ಅಂದಿದ್ದ ಹಾಡು ಅದು. 1961ರ ಆಗಸ್ಟ್‌ನಲ್ಲಿ ಕಂಟ್ರಿ ಪಟ್ಟಿಯಲ್ಲಿ 1ನೇ ಸ್ಥಾನಕ್ಕೆ ಬಂತು.

ಅದೇ ವರ್ಷ ವಿಲ್ಲಿ ನೆಲ್ಸನ್ ಅನ್ನೋ, ಆಗಿನ್ನೂ ಹೆಸರು ಮಾಡದ ಕವಿ ಬರೆದ ‘ಕ್ರೇಜಿ’: ಕಂಟ್ರಿಯಲ್ಲಿ 2, ಪಾಪ್‌ನಲ್ಲಿ 9. 1962ರಲ್ಲಿ ಮತ್ತೆ ಕೋಕ್ರನ್ ಬರೆದ ‘ಶೀಸ್ ಗಾಟ್ ಯೂ’: ಕಂಟ್ರಿಯಲ್ಲಿ ಮತ್ತೆ 1. ಐದು ವರ್ಷದಲ್ಲಿ ಒಂದು ಹಿಟ್, ಆಮೇಲೆ ಸುಮಾರು ಒಂದೂವರೆ ವರ್ಷದಲ್ಲಿ ಮೂರು.

ಬೇರೆ ಕಾರಣ ಇರಬಹುದಲ್ವಾ?

ಒಳ್ಳೆ ಲ್ಯಾಬ್ ರಿಪೋರ್ಟ್‌ನಲ್ಲಿ ಈ ಪ್ರಶ್ನೆ ಬರಲೇಬೇಕು. ಎರಡು ಆಕ್ಷೇಪಣೆ ಸಾಧ್ಯ.

ಒಂದು, ವಾದ್ಯ ಸಂಯೋಜನೆ ಬದಲಾಯ್ತು ಅಂತ. ಇದು ನಿಜ. ರಾಕ್ ಅಂಡ್ ರೋಲ್ ಬಂದು ಕಂಟ್ರಿ ಮಾರುಕಟ್ಟೆಗೆ ಹೊಡೆತ ಬಿದ್ದಾಗ ಬ್ರ್ಯಾಡ್ಲಿ ಮತ್ತು ಚೆಟ್ ಆಟ್ಕಿನ್ಸ್ ಥರದವರು ‘ನ್ಯಾಶ್ವಿಲ್ ಸೌಂಡ್’ ರೂಪಿಸಿದರು. ಪಿಟೀಲು, ಬ್ಯಾಂಜೋ ಹಿಂದಕ್ಕೆ ಸರಿದವು. ಪಿಯಾನೋ, ವಯಲಿನ್ ವೃಂದ, ಹಿಮ್ಮೇಳದ ಗಾಯಕರು ಮುಂದಕ್ಕೆ ಬಂದರು. ಅಕೌಸ್ಟಿಕ್ ಬೇಸ್ ನುಡಿಸೋ ಸ್ವರವನ್ನೇ ಆರು ತಂತಿಯ ಎಲೆಕ್ಟ್ರಿಕ್ ಬೇಸ್‌ನಲ್ಲೂ ನುಡಿಸಿ ‘ಟಿಕ್ ಟಿಕ್’ ಅನ್ನೋ ಅಂಚು ಕೊಡೋದು ಇದರ ಒಂದು ತಂತ್ರ. ಪ್ಯಾಟ್ಸಿಯ ಹಾಡುಗಳಲ್ಲಿ ಅದನ್ನ ನುಡಿಸ್ತಿದ್ದವನು ಬ್ರ್ಯಾಡ್ಲಿಯ ತಮ್ಮ ಹೆರಾಲ್ಡ್. ಆದರೆ ನೆನಪಿಡಿ, ಫೋರ್ ಸ್ಟಾರ್ ಅವಧಿಯಲ್ಲೂ ಬ್ರ್ಯಾಡ್ಲಿ ಕೈಕಟ್ಟಿ ಕೂತಿರಲಿಲ್ಲ. ಅಪ್ಪಟ ಕಂಟ್ರಿ, ಚರ್ಚ್ ಹಾಡು, ರಾಕಬಿಲಿ, ಪಾಪ್ ಹೀಗೆ ಒಂದೊಂದೇ ನಾಬ್ ತಿರುಗಿಸಿ ನೋಡಿದ್ದ. ಹಾಡಿನಲ್ಲೇ ಸತ್ವ ಇಲ್ಲದಿದ್ದರೆ ವಗ್ಗರಣೆ ಎಷ್ಟು ಹಾಕಿದರೂ ಅಷ್ಟೇ.

ಎರಡು, ಅವಳ ಧ್ವನಿ ಪಕ್ವವಾಯ್ತು ಅಂತ. ಇದೂ ನಿಜವೇ, ಐದು ವರ್ಷದ ಅನುಭವ ಸಣ್ಣದಲ್ಲ. ಆದರೆ 1956ರ ನವೆಂಬರ್‌ನಲ್ಲಿ ರೆಕಾರ್ಡ್ ಆದ ‘ವಾಕಿನ್ ಆಫ್ಟರ್ ಮಿಡ್‌ನೈಟ್’ ಕೇಳಿ. ಆ ಧ್ವನಿ ಆಗಲೇ ಪೂರ್ತಿ ಅಲ್ಲಿದೆ. ಫೋರ್ ಸ್ಟಾರ್ ಕಪಾಟಿನಿಂದ ಒಂದು ಒಳ್ಳೆ ಹಾಡು ಸಿಕ್ಕಾಗ ಅವಳು ಅವತ್ತೇ ಗೆದ್ದಿದ್ದಳು. ಅಂದರೆ ಸಮಸ್ಯೆ ಗಂಟಲಲ್ಲಿ ಇರಲಿಲ್ಲ, ಕಪಾಟು ಚಿಕ್ಕದಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಆಲ್ಗರಿದಮ್ ಸರಿ ಇತ್ತು, ಸರ್ಚ್ ಸ್ಪೇಸ್ ಅನ್ನೇ ಕಾಂಟ್ರಾಕ್ಟ್ ಕತ್ತರಿಸಿಬಿಟ್ಟಿತ್ತು.

‘ಕ್ರೇಜಿ’ ಮತ್ತು ಮೂರು ಟ್ರ್ಯಾಕ್ ಟೇಪ್

ಇನ್ನು ನಮಗೆ ಹತ್ತಿರದ ವಿಷಯಕ್ಕೆ ಬರೋಣ, ಮಷೀನು. 1961ರ ಜೂನ್ 14ರಂದು ನ್ಯಾಶ್ವಿಲ್‌ನಲ್ಲಿ ಎದುರುಬದುರು ಕಾರು ಡಿಕ್ಕಿಯಾಗಿ ಪ್ಯಾಟ್ಸಿಗೆ ಹಣೆ ಸೀಳಿತು, ಮಣಿಕಟ್ಟು ಮುರೀತು, ಸೊಂಟದ ಕೀಲು ತಪ್ಪಿತು. ಸುಮಾರು ಒಂದು ತಿಂಗಳು ಆಸ್ಪತ್ರೆ. ಆಗಸ್ಟ್ 21ರಂದು ‘ಕ್ರೇಜಿ’ ರೆಕಾರ್ಡ್ ಮಾಡೋಕೆ ಬಂದಾಗ ಇನ್ನೂ ಊರುಗೋಲಿನ ಮೇಲಿದ್ದಳು. ಪಕ್ಕೆಲುಬಿನ ನೋವಿಗೆ ಮೇಲಿನ ಸ್ವರ ಹಿಡಿಯೋಕೆ ಆಗ್ತಿರಲಿಲ್ಲ. ಮೂರು ಗಂಟೆಯ ಸೆಷನ್‌ನಲ್ಲಿ ನಾಲ್ಕು ಹಾಡು ಮುಗಿಸೋದು ಆಗಿನ ಲೆಕ್ಕ. ಇಲ್ಲಿ ಒಂದೇ ಹಾಡಿಗೆ ನಾಲ್ಕು ಗಂಟೆ ಕಳೆದರೂ ಗಾಯನ ಕೂಡಿಬರಲಿಲ್ಲ.

ಮೋನೋ ಟೇಪ್ ಆಗಿದ್ದರೆ ಕತೆ ಅಲ್ಲಿಗೆ ಮುಗೀತಿತ್ತು. ಎಲ್ಲರೂ ಒಟ್ಟಿಗೆ ನುಡಿಸಿ ಹಾಡಬೇಕು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ಆದರೆ ಇಲ್ಲಿದ್ದದ್ದು ಮೂರು ಟ್ರ್ಯಾಕ್‌ನ ಮಷೀನ್. ಬ್ರ್ಯಾಡ್ಲಿ ವಾದ್ಯಗಳನ್ನ ರೆಕಾರ್ಡ್ ಮಾಡಿಟ್ಟುಕೊಂಡು ಅವಳನ್ನ ಮನೆಗೆ ಕಳಿಸಿದ. ಕೆಲವು ವಾರ ಬಿಟ್ಟು ಬಂದು, ಆ ಟೇಪ್ ಕೇಳ್ತಾ ಖಾಲಿ ಟ್ರ್ಯಾಕ್ ಮೇಲೆ ಹಾಡಿದಳು. ಒಂದೇ ಟೇಕ್‌ನಲ್ಲಿ ಮುಗೀತು ಅಂತಾರೆ.

ಇದರಲ್ಲಿ ಒಂದು ಸೊಗಸಾದ ಎಂಜಿನಿಯರಿಂಗ್ ಸಮಸ್ಯೆ ಇದೆ. ಟೇಪ್ ಮಷೀನ್‌ನಲ್ಲಿ ರೆಕಾರ್ಡ್ ಹೆಡ್ ಮೊದಲು, ಪ್ಲೇಬ್ಯಾಕ್ ಹೆಡ್ ಆಮೇಲೆ. ಎರಡರ ನಡುವೆ 1.5 ಇಂಚು ಅಂತರ, ಟೇಪ್ ವೇಗ ಸೆಕೆಂಡಿಗೆ 15 ಇಂಚು ಅಂತ ಇಟ್ಟುಕೊಳ್ಳಿ. ಪ್ಲೇಬ್ಯಾಕ್ ಹೆಡ್‌ನಿಂದ ವಾದ್ಯ ಕೇಳಿಸಿಕೊಂಡು ಹಾಡಿದರೆ ಧ್ವನಿ ಟೇಪ್ ಮೇಲೆ 0.1 ಸೆಕೆಂಡ್ ತಡವಾಗಿ ಕೂರುತ್ತೆ, ತಾಳ ಕೆಟ್ಟುಹೋಗುತ್ತೆ. ಪರಿಹಾರ ಸರಳ: ರೆಕಾರ್ಡ್ ಹೆಡ್‌ನ ಇತರ ಟ್ರ್ಯಾಕ್‌ಗಳನ್ನೇ ತಾತ್ಕಾಲಿಕವಾಗಿ ಪ್ಲೇಬ್ಯಾಕ್‌ಗೆ ಬಳಸೋದು. ಕೇಳೋದೂ ಬರೆಯೋದೂ ಒಂದೇ ಜಾಗದಲ್ಲಿ ಆದರೆ ಅಂತರ ಸೊನ್ನೆ. ಆಂಪೆಕ್ಸ್ ಕಂಪನಿ 1950ರ ದಶಕದಲ್ಲಿ ತಂದ ಈ ಉಪಾಯದ ಹೆಸರು ‘ಸೆಲ್-ಸಿಂಕ್’.

ಕೊನೆಯ ಸೆಷನ್, ಆಮೇಲಿನ ಬದುಕು

1963ರ ಫೆಬ್ರವರಿ 4ರಿಂದ 7ರವರೆಗೆ ಪ್ಯಾಟ್ಸಿಯ ಕೊನೆಯ ರೆಕಾರ್ಡಿಂಗ್. ಮಾರ್ಚ್ 3ರಂದು ಅಪಘಾತದಲ್ಲಿ ತೀರಿಕೊಂಡಿದ್ದ ರೇಡಿಯೋ ನಿರೂಪಕನೊಬ್ಬನ ಕುಟುಂಬಕ್ಕಾಗಿ ಕಾನ್ಸಸ್ ಸಿಟಿಯಲ್ಲಿ ಸಹಾಯಾರ್ಥ ಕಚೇರಿ. ವಾಪಸ್ ಬರುವಾಗ, ಮಾರ್ಚ್ 5ರಂದು, ಟೆನೆಸ್ಸೀಯ ಕ್ಯಾಮ್ಡೆನ್ ಹತ್ತಿರ ಕೆಟ್ಟ ಹವಾಮಾನದಲ್ಲಿ ಚಿಕ್ಕ ವಿಮಾನ ಬಿದ್ದು ಅದರಲ್ಲಿದ್ದ ನಾಲ್ವರೂ ಸತ್ತರು. ಪ್ಯಾಟ್ಸಿಗೆ 30 ವರ್ಷ. ಬದುಕಿದ್ದಾಗ ಬಂದ ಸ್ಟುಡಿಯೋ ಆಲ್ಬಮ್‌ಗಳು ಮೂರೇ.

1967ರಲ್ಲಿ ಬಂದ ಅವಳ ‘ಗ್ರೇಟೆಸ್ಟ್ ಹಿಟ್ಸ್’ ಅಮೆರಿಕ ಒಂದರಲ್ಲೇ ಒಂದು ಕೋಟಿ ಪ್ರತಿ ದಾಟಿತು. 1973ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಒಂಟಿ ಗಾಯಕಿ ಅವಳೇ. ಮೂರು ಟ್ರ್ಯಾಕ್ ಟೇಪ್ ಇನ್ನೊಂದು ಕೆಲಸಕ್ಕೂ ಬಂತು. ಧ್ವನಿ ಬೇರೆ ಟ್ರ್ಯಾಕ್‌ನಲ್ಲಿ ಇದ್ದದ್ದರಿಂದ, 1981ರಲ್ಲಿ ಬ್ರ್ಯಾಡ್ಲಿ ಮತ್ತು ಆಟ್ಕಿನ್ಸ್ ಅದನ್ನ ಪ್ರತ್ಯೇಕಿಸಿ, 1964ರಲ್ಲಿ ತೀರಿಕೊಂಡಿದ್ದ ಜಿಮ್ ರೀವ್ಸ್ ಧ್ವನಿ ಜೊತೆ ಸೇರಿಸಿ, ಹೊಸ ವಾದ್ಯಮೇಳ ಹಾಕಿ ಯುಗಳಗೀತೆ ಮಾಡಿದರು. ಇಬ್ಬರೂ ಬದುಕಿಲ್ಲ, ಹಾಡು ಮಾತ್ರ ಹಿಟ್. ಇವತ್ತು ಎಐ ಧ್ವನಿ ಬಗ್ಗೆ ನಾವು ಮಾಡೋ ಚರ್ಚೆಯ ಬೇರು ಅಷ್ಟು ಹಳೆಯದು. ಧ್ವನಿ ಯಾರದು, ಅದನ್ನ ಎಲ್ಲಿ ಬಳಸಬೇಕು ಅಂತ ಹೇಳೋ ಹಕ್ಕು ಯಾರದು ಅನ್ನೋ ಪ್ರಶ್ನೆಗಳು ಆಗಲೂ ಇದ್ದವು.

ನಮಗೇನು?

ಇನ್ನೆರಡು ವರ್ಷದಲ್ಲಿ ನಾವೂ ಯಾವುದೋ ಕಾಗದಕ್ಕೆ ಸಹಿ ಹಾಕ್ತೀವಿ. ಆಗ ಎಲ್ಲರ ಕಣ್ಣೂ ಹೋಗೋದು ಪ್ಯಾಕೇಜ್ ಸಂಖ್ಯೆ ಮೇಲೆ. ಪ್ಯಾಟ್ಸಿಗೆ ಕಡಿಮೆ ರಾಯಲ್ಟಿಯಿಂದ ನಷ್ಟ ಆಯ್ತು, ಸರಿ. ಆದರೆ ಅದಕ್ಕಿಂತ ದೊಡ್ಡ ನಷ್ಟ ಬಂದದ್ದು ಹಾಡು ಆರಿಸೋ ಹಕ್ಕು ಬಿಟ್ಟುಕೊಟ್ಟ ಒಂದು ಸಾಲಿನಿಂದ. ದುಡ್ಡನ್ನ ಆಮೇಲಾದರೂ ದುಡೀಬಹುದು. ಮೂವತ್ತಕ್ಕೇ ಮುಗಿದ ಬದುಕಿನಲ್ಲಿ ಆ ಐದು ವರ್ಷ ವಾಪಸ್ ಬರಲಿಲ್ಲ. ಹಾಗಾಗಿ ‘ಎಷ್ಟು ಕೊಡ್ತಾರೆ’ ಅಂತ ಕೇಳಿ, ಜೊತೆಗೆ ‘ಯಾವ ಕೆಲಸ ಆರಿಸೋಕೆ ಬಿಡ್ತಾರೆ, ಎಷ್ಟು ವರ್ಷ ಕಟ್ಟಿಹಾಕ್ತಾರೆ’ ಅಂತಾನೂ ಓದಿ ನೋಡಿ.

ಹೆಡ್‌ಫೋನ್ ಇದ್ದರೆ ಒಂದು ಸಣ್ಣ ಅಭ್ಯಾಸ: 1957ರ ಹಿಟ್, ಆಮೇಲೆ ಅದೇ ಅವಧಿಯ ಯಾವುದಾದರೂ ಎರಡು ಮರೆತ ಹಾಡು, ಕೊನೆಗೆ ‘ಕ್ರೇಜಿ’ಯ ಸ್ಟೀರಿಯೋ ಆವೃತ್ತಿ, ಈ ಕ್ರಮದಲ್ಲಿ ಕೇಳಿ. ಧ್ವನಿಯಲ್ಲಿ ಏನು ಬದಲಾಗಿದೆ, ಹಾಡಿನಲ್ಲಿ ಏನು ಬದಲಾಗಿದೆ ಅಂತ ಎರಡು ಕಾಲಂ ಮಾಡಿ ಬರೆದುಕೊಳ್ಳಿ. ನನ್ನ ತೀರ್ಮಾನ ನಿಮಗೆ ಒಪ್ಪಿಗೆ ಆಗದಿದ್ದರೆ ಕ್ಲಬ್‌ನ ಮುಂದಿನ ಭೇಟಿಯಲ್ಲಿ ಆ ಹಾಳೆ ತಗೊಂಡು ಬನ್ನಿ, ವಾದ ಮಾಡೋಣ.